ಗೃಹಸ್ವಾವಲಂಬನವೂ ದಾಸೋಹಧರ್ಮವೂ

(ಶ್ರೀಮಠದ ಸುವರ್ಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||

ಷಟ್‌ಸ್ಥಲ ಸಿದ್ಧಾಂತವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಮೊದಲು ಅಪ್ಪಣೆಯಾಗಿದ್ದಿತು. ಆಮೇಲೆ ಸನ್ನಿಧಿಯವರು ನನ್ನನ್ನು ಕರೆಯಿಸಿ, ಸ್ಥಲವಿಚಾರವು ಪಾಠಶಾಲೆಯಲ್ಲಿ ನಿತ್ಯವೂ ನಡೆಯುತ್ತಿದೆ, ಈ ಸಲ ಭಕ್ತರ ಮನೆಯ ವಿಚಾರವನ್ನೇ ಹೇಳಿರಿ ಎಂದರು. ನಾಳೆ ಏನಾಗುವುದೋ ತಿಳಿಯದ ಈ ಕಾಲದಲ್ಲಿ ಒಂದು ಮನೆ ತನ್ನ ಅನ್ನಕ್ಕೆ, ನೀರಿಗೆ, ಒಲೆಗೆ ತಾನೇ ಆಧಾರವಾಗಿ ನಿಲ್ಲುವುದು ಹೇಗೆ ಎಂಬುದೇ ಆ ವಿಚಾರ. ಇದು ಸಿದ್ಧಾಂತಕ್ಕೆ ಹೊರಗಾದ ವಿಷಯವೆಂದು ಯಾರೂ ಭಾವಿಸಬಾರದು. ನಾವು ಉಣ್ಣುವ ಪದಾರ್ಥವನ್ನು ಇಷ್ಟಲಿಂಗಕ್ಕೆ ಅರ್ಪಿಸಿ, ಅದು ಪ್ರಸಾದವಾದ ಬಳಿಕ ಸ್ವೀಕರಿಸತಕ್ಕವರು. ಅರ್ಪಿಸುವ ಪದಾರ್ಥವು ಎಲ್ಲಿಂದ ಬಂದಿತು, ಯಾರ ಬೆವರಿನಿಂದ ಬಂದಿತು ಎಂಬುದನ್ನು ಅರಿಯದವನ ಅರ್ಪಣೆಯು ಅರ್ಧವೇ ಸರಿ.

ಮಹನೀಯರೇ, ನಮ್ಮ ಈ ಮಲೆಸೀಮೆಯ ಸ್ಥಿತಿಯನ್ನು ಮೊದಲು ನೋಡೋಣ. ಬಾಬಾ ಬುಡನ್ ಎಂಬ ಸಂತನು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂಬ ಐತಿಹ್ಯವನ್ನು ನಮ್ಮಲ್ಲಿ ಅರಿಯದ ಮಕ್ಕಳಿಲ್ಲ. ಆ ಬೀಜವು ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಗಿರಿಪಂಕ್ತಿಗಳನ್ನೆಲ್ಲ ಆವರಿಸಿದೆ. ಬಾಳೆಹೊನ್ನೂರಿನ ಬಳಿಯಲ್ಲಿ ೧೯೨೫ರಿಂದಲೂ ಕಾಫಿಯ ಸಂಶೋಧನೆ ನಡೆದುಬಂದಿದೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಅದರ ಬಹುಭಾಗವು ಸಮುದ್ರವನ್ನು ದಾಟಿ ಹೋಗುವುದು. ಇದರಿಂದ ಈ ಸೀಮೆಗೆ ಸಂಪತ್ತು ಬಂದಿತು, ಶಾಲೆಗಳು ಬಂದುವು, ಶ್ರೀಮಠದ ಈ ಕಲ್ಲಿನ ಮಂಟಪವೂ ಬಂದಿತು. ಕಾಫಿಯನ್ನು ನಿಂದಿಸುವುದಕ್ಕಾಗಿ ನಾನು ನಿಂತಿಲ್ಲ. ಆದರೆ ಕಾಫಿಯ ಮೂಟೆ ಬೆಟ್ಟದಿಂದ ಇಳಿದುಹೋಗಿ, ಅಕ್ಕಿಯ ಮೂಟೆ ಬೆಟ್ಟವನ್ನು ಹತ್ತಿಬರಬೇಕಾದ ಸ್ಥಿತಿ ಉಂಟಾಗಿದೆಯಲ್ಲಾ, ಅದನ್ನು ಕುರಿತು ಯೋಚಿಸಬೇಕಾಗಿದೆ. ಈ ಎರಡು ಮೂಟೆಗಳ ನಡುವೆ ಇರುವುದು ಒಂದು ರಸ್ತೆ, ಒಂದು ಬೆಲೆ. ರಸ್ತೆಯು ಇಂದ್ರನ ಕೈಯಲ್ಲಿದೆ. ಬೆಲೆಯು ನಾವು ಕಾಣದ ದೇಶಗಳವರ ಕೈಯಲ್ಲಿದೆ.

ಬೆಲೆಯ ಸಂಗತಿಯನ್ನು ನಮ್ಮ ಹಿರಿಯರು ಕಂಡುಂಡವರು. ೧೯೩೯ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದೊಡನೆ ಯೂರೋಪಿನ ಪೇಟೆಗಳು ಮುಚ್ಚಿಹೋಗಿ, ಕಾಫಿಯನ್ನು ಕೊಳ್ಳುವವರೇ ಇಲ್ಲದಂತಾಯಿತು. ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಏರ್ಪಾಡು ಆಗ ಹುಟ್ಟಿ, ೧೯೪೨ರ ಕಾಯಿದೆಯಿಂದ ಸ್ಥಿರವಾಯಿತು. ಅದೇ ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ, ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಮಡಿದರು. ಕಾಫಿಗೆ ಪೇಟೆಯಿಲ್ಲ, ಪೇಟೆಯಲ್ಲಿ ಅಕ್ಕಿಯಿಲ್ಲ; ಆ ಎರಡೂ ಕಷ್ಟಗಳು ಒಟ್ಟಿಗೆ ಬಂದಾಗ ಕಣಿವೆಯ ಗದ್ದೆಯಿದ್ದ ಮನೆಗಳು ಬದುಕಿದುವು. ಆ ಕಾಲದ ಹಿರಿಯರು ತೋಟವನ್ನು ಎಷ್ಟು ವಿಸ್ತರಿಸಿದರೂ ಗದ್ದೆಯನ್ನು ಬಿಡದೆ ಇದ್ದುದಕ್ಕೆ ಕಾರಣವಿದು.

ಆಮೇಲೆ ೧೯೮೯ರ ಜುಲೈ ತಿಂಗಳಲ್ಲಿ ಕಾಫಿಯನ್ನು ಬೆಳೆಯುವ ದೇಶಗಳಿಗೂ ಕೊಳ್ಳುವ ದೇಶಗಳಿಗೂ ನಡುವೆ ಇದ್ದ ಒಪ್ಪಂದವು ಮುರಿದು ಬೆಲೆ ನೆಲಕ್ಕಿಳಿಯಿತು. ೧೯೯೬ರಲ್ಲಿ ಕಾಫಿ ಮಂಡಳಿಯ ಒಟ್ಟುಗೂಡಿಕೆಯು ಪೂರ್ಣವಾಗಿ ಕೊನೆಗೊಂಡು, ಬೆಳೆಗಾರನು ಲೋಕದ ಪೇಟೆಯ ಎದುರಿಗೆ ಒಬ್ಬನೇ ನಿಂತನು. ೨೦೦೧-೦೨ರ ಬೆಲೆಯು ಎಷ್ಟು ಕೆಟ್ಟದ್ದಾಗಿದ್ದಿತೆಂಬುದು ಈ ಸಭೆಯಲ್ಲಿ ಸಾಲಮಾಡಿದವರಿಗೆಲ್ಲ ನೆನಪಿರಬೇಕು. ಬ್ರೆಜಿಲ್, ವಿಯೆಟ್ನಾಂ ದೇಶಗಳಲ್ಲಿ ಮಳೆಯಿಲ್ಲದೆ ಬೆಳೆ ಕುಂದಿದುದರಿಂದ ೨೦೨೪-೨೫ರಲ್ಲಿ ಬೆಲೆಯು ಹಿಂದೆ ಕಾಣದಷ್ಟು ಏರಿತು. ಸಂತೋಷವೇ; ಆದರೆ ಅಲ್ಲಿಯ ರೈತನ ದುಃಖದಿಂದ ನಮಗೆ ಬಂದ ಸುಖವು, ಅವನಿಗೆ ಸುಖ ಬಂದ ದಿನ ನಮ್ಮನ್ನು ಬಿಟ್ಟುಹೋಗುವುದು ಸಹಜವಲ್ಲವೆ?

ನೆರೆಯ ಸಿಂಹಳದ್ವೀಪದ ದೃಷ್ಟಾಂತವನ್ನೂ ಗಮನಿಸಿರಿ. ಅಲ್ಲಿಯೂ ಬೆಟ್ಟಗಳ ತುಂಬ ಕಾಫಿಯೇ ಇದ್ದಿತು. ೧೮೬೯ರಲ್ಲಿ ಎಲೆತುಕ್ಕು ರೋಗವು ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಆ ಬೆಳೆಯನ್ನು ನಾಶಮಾಡಿತು. ಅವರು ಚಹಾ ಹಾಕಿದರು. ಒಂದನ್ನು ತೆಗೆದು ಮತ್ತೊಂದನ್ನು ಹಾಕಿದರೇ ಹೊರತು, ಮಾರುವ ಬೆಳೆಯ ಮೇಲಣ ಆಶ್ರಯ ತಪ್ಪಲಿಲ್ಲ. ೨೦೨೧ರಲ್ಲಿ ರಸಗೊಬ್ಬರವನ್ನು ತರಿಸುವುದನ್ನು ಒಮ್ಮೆಗೇ ನಿಲ್ಲಿಸಿದಾಗ ಭತ್ತದ ಬೆಳೆ ಕುಗ್ಗಿತು. ೨೦೨೨ರಲ್ಲಿ ಹೊರದೇಶದ ಹಣ ತೀರಿಹೋಗಿ ಎಣ್ಣೆಗೂ ಅನಿಲಕ್ಕೂ ಔಷಧಕ್ಕೂ ಜನರು ಸಾಲುನಿಲ್ಲಬೇಕಾಯಿತು. ಹೊರಗಿನ ಗೊಬ್ಬರಕ್ಕೆ ಒಗ್ಗಿದ ಭೂಮಿಯನ್ನು ಒಂದು ದಿನದ ಆಜ್ಞೆಯಿಂದ ಸ್ವಾವಲಂಬಿಯಾಗಿ ಮಾಡಲಾಗದೆಂಬುದೂ ಇಲ್ಲಿ ಕಲಿಯತಕ್ಕ ಪಾಠ. ಸ್ವಾವಲಂಬನವು ಕಷ್ಟ ಬಂದ ದಿನ ಆರಂಭಿಸತಕ್ಕ ಕಾರ್ಯವಲ್ಲ. ನೆಮ್ಮದಿಯ ದಿನಗಳಲ್ಲಿ ನಿಧಾನವಾಗಿ ಕಟ್ಟಿಕೊಳ್ಳತಕ್ಕದ್ದು.

ಇನ್ನು ರಸ್ತೆಯ ಸಂಗತಿ. ೨೦೧೯ರ ಆಗಸ್ಟ್ ತಿಂಗಳ ಆಶ್ಲೇಷಾ ಮಳೆಯನ್ನು ಮೂಡಿಗೆರೆ, ಕಳಸದ ಕಡೆಯವರು ಜೀವವಿರುವವರೆಗೂ ಮರೆಯುವಂತಿಲ್ಲ. ಗುಡ್ಡಗಳು ಜರಿದುವು. ಮಲೆಮನೆ ಮೊದಲಾದ ಊರುಗಳಲ್ಲಿ ಮನೆಗಳೂ ತೋಟಗಳೂ ಮಣ್ಣುಪಾಲಾದುವು. ಚಾರ್ಮಾಡಿ ಘಟ್ಟವು ಹಲವು ಕಡೆ ಕುಸಿದು ದಾರಿ ಮುಚ್ಚಿತು. ಹೆಬ್ಬಾಳೆಯ ಸೇತುವೆಯ ಮೇಲೆ ಭದ್ರೆಯು ಹರಿದು ಕಳಸಕ್ಕೂ ಹೊರನಾಡಿಗೂ ಇದ್ದ ನೇರದಾರಿ ಕಡಿದುಹೋಯಿತು. ಅನ್ನಪೂರ್ಣೇಶ್ವರಿಯ ಸನ್ನಿಧಿಯಿರುವ ಸೀಮೆಯಲ್ಲಿಯೇ ಅನ್ನದ ದಾರಿ ಕಟ್ಟಿತು.

ಆ ದಿನಗಳಲ್ಲಿ ಮನೆ ಕಳೆದುಕೊಂಡ ಸುಮಾರು ನಲವತ್ತು ಮಂದಿ ನಮ್ಮ ಪಾಠಶಾಲೆಯ ಜಗಲಿಯಲ್ಲಿ ಆಶ್ರಯ ಪಡೆದಿದ್ದರು. ಉಗ್ರಾಣದ ಬೀಗದ ಕೈ ನನ್ನಲ್ಲಿದ್ದಿತು. ವಿದ್ಯಾರ್ಥಿಗಳೂ ಆಶ್ರಿತರೂ ಸೇರಿ ಎರಡು ಹೊತ್ತು ಉಂಡರೆ ಅಲ್ಲಿದ್ದ ಅಕ್ಕಿಯು ಎಷ್ಟು ದಿನಕ್ಕೆ ಸಾಲುವುದೆಂದು ಮೊದಲನೆಯ ರಾತ್ರಿಯೇ ಲೆಕ್ಕಹಾಕಿದೆನು. ಐದು ದಿನವೆಂದು ಲೆಕ್ಕ ಬಂದಿತು. ಸಾಮಾನು ತರುವ ಲಾರಿಯು ಘಟ್ಟದ ಕೆಳಗೆ ನಿಂತಿದ್ದಿತು. ಪೆಟ್ಟಿಗೆಯಲ್ಲಿ ಹಣವಿದ್ದಿತು, ಆದರೆ ಅಂಗಡಿಯಲ್ಲಿ ಅಕ್ಕಿ ಇರಲಿಲ್ಲ.

ಇಲ್ಲಿ ನಾನು ಈ ಸಭೆಯ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶ್ರೀಮಠದ ಕೆರೆಯ ಕೆಳಗೆ ಹಿಂದೆ ಎರಡೆಕರೆ ಗದ್ದೆಯಿದ್ದಿತು. ಬಾಲ್ಯದಲ್ಲಿ ನಾನು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಆ ಗದ್ದೆಯಲ್ಲಿ ನಾಟಿಗೆ ಇಳಿದಿದ್ದೆನು. ಸುಗ್ಗಿ ಮುಗಿದ ಮೇಲೆ ಜೋಳಿಗೆ ಹಿಡಿದು ಭಕ್ತರ ಮನೆಗಳಿಗೆ ಭಿಕ್ಷೆಗೂ ಹೋಗಿದ್ದೆನು. ಆಗ ಪ್ರತಿಯೊಂದು ಮನೆಯ ಅಕ್ಕಿಗೂ ಬೇರೆಬೇರೆ ಬಣ್ಣವಿದ್ದಿತು. ಒಂದು ಮನೆಯ ಗಂಧಸಾಲೆಯ ಪರಿಮಳವು ಜೋಳಿಗೆಯನ್ನೆಲ್ಲ ತುಂಬುತ್ತಿದ್ದಿತು. ಬರಬರುತ್ತ ಭಕ್ತರು ಒಂದೇ ಬಣ್ಣದ, ಗಿರಣಿಯ ಮುದ್ರೆಯಿರುವ ಚೀಲಗಳನ್ನು ಕಳುಹಿಸತೊಡಗಿದರು. ಗದ್ದೆಯ ಖರ್ಚು ಹೆಚ್ಚು, ಅಕ್ಕಿಯಂತೂ ಹೇಗೂ ಬರುತ್ತಿದೆ, ಅಲ್ಲಿ ಅಡಿಕೆ ಹಾಕಿದರೆ ಮಠಕ್ಕೆ ವರಮಾನವಾಗುವುದು ಎಂದು ಸನ್ನಿಧಿಯಲ್ಲಿ ಬಿನ್ನವಿಸಿದವನು ನಾನೇ. ಅದು ಆ ಮಳೆಗೆ ಹನ್ನೆರಡು ವರ್ಷ ಹಿಂದಿನ ಮಾತು. ಬರಿದಾದ ಉಗ್ರಾಣದಲ್ಲಿ ನಿಂತಾಗ ಆ ಗದ್ದೆ ನೆನಪಿಗೆ ಬಂದು ನಾಚಿಕೆಯಾಯಿತು. ಶಾಸ್ತ್ರವನ್ನೋದಿ ದಾಸೋಹವನ್ನು ಬೋಧಿಸುವವನು ದಾಸೋಹದ ಬೇರನ್ನೇ ಕಡಿದಿದ್ದೆನು.

ಆರನೆಯ ದಿನ ಬೆಳಿಗ್ಗೆ, ಕೆಳಗಿನ ಹಳ್ಳಿಯ ಒಬ್ಬ ವೃದ್ಧಮಾತೆಯು ಮಗನನ್ನೂ ನೆರೆಮನೆಯ ಇಬ್ಬರನ್ನೂ ಕರೆದುಕೊಂಡು, ಕುಸಿದ ದಾರಿಯನ್ನು ಬಳಸಿ, ಜಿಗಣೆಗಳ ಕಾಡಿನಲ್ಲಿ ನಡೆದು ಬಂದಳು. ಅವರ ತಲೆಯ ಮೇಲೆ ಕುಚ್ಚಲಕ್ಕಿ, ಬೂದುಗುಂಬಳ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಇದ್ದುವು. ಅವಳದು ಒಂದೂವರೆ ಎಕರೆಯ ಬದುಕು. "ತಾಯಿ, ಮನೆಗೆ ಇಟ್ಟುಕೊಂಡಿದ್ದೀರಾ?" ಎಂದು ಕೇಳಿದೆನು. "ನಮಗೆ ಸಾಕಾಗುವಷ್ಟು ಪತ್ತಾಯದಲ್ಲಿದೆ ಅಯ್ನೋರೆ. ಮಿಕ್ಕಿದ್ದು ಮಠದ್ದೇ ಅಲ್ಲವೆ?" ಎಂದಳು.

ಆ ಉತ್ತರವನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮನ ಸ್ಮರಣೆಯಾಯಿತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು ಮಾರಯ್ಯ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲದು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆ ಮಹಾಶರಣೆಯು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಸ್ವಾವಲಂಬನವೆಂದರೆ ಏನೆಂಬುದು ಈ ಪ್ರಸಂಗದಲ್ಲಿ ಸಂಪೂರ್ಣವಾಗಿ ಅಡಗಿದೆ. ತನ್ನ ಕಾಯಕದಿಂದ ತನಗೆ ಬೇಕಾದಷ್ಟನ್ನು ಪಡೆಯುವುದು ಅದರ ಮೊದಲನೆಯ ಅಂಗ. ಬೇಕಾದಷ್ಟು ಎಂಬುದಕ್ಕೆ ಒಂದು ಮೇರೆಯನ್ನು ಅರಿಯುವುದು ಎರಡನೆಯ ಅಂಗ. ಎರಡನೆಯದಿಲ್ಲದೆ ಮೊದಲನೆಯದು ಮಾತ್ರ ಇದ್ದರೆ ಅದು ಲೋಭವಾಗಿ ಪರಿಣಮಿಸುವುದು. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಹಣವಿದ್ದವರು ಅಂಗಡಿಯ ಸಾಮಾನನ್ನೆಲ್ಲ ಮನೆಗೆ ಸಾಗಿಸಿ, ಕೂಲಿಯವನು ಬರುವಷ್ಟರಲ್ಲಿ ಏನೂ ಉಳಿಯದಂತೆ ಮಾಡಿದುದುಂಟು. ಬೆಳೆದು ಇಟ್ಟುಕೊಂಡವನು ನೆರೆಯವನ ಪಾಲನ್ನು ಕಸಿಯಲಿಲ್ಲ. ಕೊಂಡು ಕೂಡಿಟ್ಟವನು ಕಸಿದನು. ಮೇಲುನೋಟಕ್ಕೆ ಎರಡೂ ಮನೆಗಳ ಅಟ್ಟವು ತುಂಬಿಯೇ ಇರುವುದು, ಆದರೆ ಧರ್ಮವು ಒಂದರಲ್ಲಿ ಮಾತ್ರ ಇರುವುದು.

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ಗದ್ದೆಯ ಲೆಕ್ಕವನ್ನು ಹೇಳುತ್ತೇನೆ. ಐದು ಜನರ ಮನೆಯಲ್ಲಿ ದಿನಕ್ಕೆ ಎರಡು ಕಿಲೋಗ್ರಾಂ ಅಕ್ಕಿ ಬೇಕೆಂದಿಟ್ಟುಕೊಳ್ಳಿರಿ. ವರ್ಷಕ್ಕೆ ೭೩೦ ಕಿಲೋಗ್ರಾಂ ಆಯಿತು. ನೂರು ಕಿಲೋಗ್ರಾಂ ಭತ್ತಕ್ಕೆ ಅರುವತ್ತೈದು ಕಿಲೋಗ್ರಾಂ ಅಕ್ಕಿಯೆಂದರೆ ಹನ್ನೊಂದೂಕಾಲು ಕ್ವಿಂಟಾಲು ಭತ್ತ ಸಾಕು. ನಮ್ಮ ಕಣಿವೆಯ ಸಾಧಾರಣ ಗದ್ದೆಯಲ್ಲಿ, ಹಳೆಯ ತಳಿಯಿಂದಲೂ, ಒಂದೆಕರೆಯೊಳಗೆ ಇಷ್ಟು ಬೆಳೆಯಬಹುದು. ಇಪ್ಪತ್ತೈದು ಎಕರೆ ತೋಟವಿರುವವನು ಒಂದೆಕರೆಯನ್ನು ಅನ್ನಕ್ಕಾಗಿ ಬಿಡಲಾರನೆಂದರೆ ನಂಬತಕ್ಕ ಮಾತೆ?

ಇದಕ್ಕೆ ನೀವು ಹೇಳುವ ಉತ್ತರವನ್ನು ನಾನು ಬಲ್ಲೆನು. ಆಳು ಸಿಕ್ಕುವುದಿಲ್ಲ, ಭತ್ತ ಬೆಳೆಯುವ ಖರ್ಚಿನಲ್ಲಿ ಅದಕ್ಕಿಂತ ಹೆಚ್ಚು ಅಕ್ಕಿ ಕೊಳ್ಳಬಹುದು, ಮೂಡಿಗೆರೆಯ ಕಡೆ ಆನೆ, ಎಲ್ಲೆಲ್ಲಿಯೂ ಹಂದಿ ಮತ್ತು ಮಂಗ. ಇವು ಸುಳ್ಳಲ್ಲ. ಆದರೆ ಬಯಲಿನ ಹತ್ತು ಗದ್ದೆಗಳಲ್ಲಿ ಒಂಬತ್ತು ಹಾಳುಬಿದ್ದು ಒಂದು ಮಾತ್ರ ಹಸಿರಾಗಿದ್ದರೆ ಕಾಡಿನ ಪ್ರಾಣಿಗಳೆಲ್ಲ ಅದೊಂದಕ್ಕೇ ಬರುವುವು. ಹತ್ತೂ ಹಸಿರಾದರೆ ಕಾವಲಿಗೆ ಹತ್ತು ಮನೆಯವರು ಸರದಿಯಾಗಿ ಕೂಡಬಹುದು. ಆನೆಯನ್ನು ತಡೆಯುವುದು ಮಾತ್ರ ನಮ್ಮ ಕಾವಲಿಗೆ ಮೀರಿದ ಕೆಲಸ. ಅದಕ್ಕೆ ಸರ್ಕಾರವೇ ಮುಂದಾಗಬೇಕು. ಆಳಿನ ಕೊರತೆಗೆ ನಮ್ಮ ಹಿರಿಯರು ಮುಯ್ಯಾಳಿನ ಪದ್ಧತಿಯನ್ನು ಇಟ್ಟಿದ್ದರು. ಇಂದು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು, ಹಣದ ಮಾತಿಲ್ಲ. ಒಂದು ಮನೆ ಒಂಟಿಯಾಗಿ ಸ್ವಾವಲಂಬಿಯಾಗಲಾರದು. ಊರು ಸ್ವಾವಲಂಬಿಯಾದರೆ ಮನೆ ತಾನಾಗಿ ಆಗುವುದು. ಖರ್ಚಿನ ಮಾತಿಗೆ ಒಂದೇ ಉತ್ತರ: ಗದ್ದೆಯಲ್ಲಿ ನಿಂತ ನೀರು ಕೆಳಗಿನ ಬಾವಿಗಳನ್ನು ತುಂಬುತ್ತದೆ, ಹುಲ್ಲು ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯ ಗೊಬ್ಬರವು ತೋಟಕ್ಕೆ ಹೋಗುತ್ತದೆ. ಇವುಗಳಿಗೆಲ್ಲ ಬೆಲೆಕಟ್ಟಿದ ಬಳಿಕ ಲಾಭನಷ್ಟವನ್ನು ಹೇಳಿರಿ. ಶ್ರೀಮಠದ ಅಡಿಕೆಗೆ ಎಲೆಚುಕ್ಕೆ ರೋಗ ತಗುಲಿ ವರಮಾನವು ಕುಸಿದ ಮೇಲೆ, ಸನ್ನಿಧಿಯವರ ಅಪ್ಪಣೆಯಂತೆ ಕೆರೆಯ ಕೆಳಗಿನ ಒಂದೆಕರೆಯನ್ನು ಮರಳಿ ಗದ್ದೆ ಮಾಡಿದ್ದೇವೆ. ಮೊದಲ ವರ್ಷ ಅರ್ಧವನ್ನು ಹಂದಿಗಳು ತಿಂದುವು. ಈಗ ವಿದ್ಯಾರ್ಥಿಗಳು ಸರದಿಯಾಗಿ ಕಾಯುತ್ತಿದ್ದಾರೆ.

ಗದ್ದೆಯಿಲ್ಲದವರಿಗೆ ಹಿತ್ತಿಲಿದೆ. ಕೆಸು, ಬಸಳೆ, ಗೆಣಸು, ಮರಗೆಣಸು, ಬಾಳೆ, ಕುಂಬಳ, ಸೌತೆ ಇವು ಹೆಚ್ಚು ಆರೈಕೆಯನ್ನು ಬೇಡದೆ ಬರುವುವು. ಬಲಿತ ಬಣ್ಣದ ಸೌತೆಯನ್ನು ಬಾಳೆಯ ನಾರಿನಿಂದ ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲವೆಲ್ಲ ಕೆಡದೆ ಇರುತ್ತಿದ್ದಿತು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮೂಲೆಯಲ್ಲಿಟ್ಟರೆ ಆಷಾಢ ಶ್ರಾವಣಗಳ ಸಾರು ಪಲ್ಯಗಳಿಗೆ ಒದಗುತ್ತಿದ್ದಿತು. ಹುಣಿಸೆಹಣ್ಣು ತೀರಿದರೆ ವಾಟೆಹುಳಿ ಇದ್ದಿತು. ಕಳಲೆ, ಹಪ್ಪಳ, ಸಂಡಿಗೆಗಳನ್ನು ಹೇಳಬೇಕಾದುದಿಲ್ಲ. ತಾಯಂದಿರೇ, ಇದು ಯಾವ ಗ್ರಂಥದಲ್ಲಿಯೂ ಇಲ್ಲದ ವಿದ್ಯೆ; ನಿಮ್ಮ ಅತ್ತೆಯರ ಕೈಗಳಲ್ಲಿ ಇದ್ದುದು. ನಿಮ್ಮ ಸೊಸೆಯರಿಗೂ ಗಂಡುಮಕ್ಕಳಿಗೂ ಅದನ್ನು ಕಲಿಸದೆ ಹೋದರೆ, ಇನ್ನು ಇಪ್ಪತ್ತು ವರ್ಷಗಳಲ್ಲಿ ಹಲಸು ಮರದಡಿಯಲ್ಲಿ ಕೊಳೆಯುವುದು, ಮಕ್ಕಳು ಅಂಗಡಿಯ ಬಾಗಿಲಲ್ಲಿ ನಿಲ್ಲುವರು.

ನೀರು ಮತ್ತು ಬೆಂಕಿಯನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ. ಗುಡ್ಡದ ಅಬ್ಬಿಯ ನೀರನ್ನು ಅಡಿಕೆಯ ದಬ್ಬೆಯಲ್ಲಿ ಅಂಗಳಕ್ಕೆ ಹರಿಸಿಕೊಂಡವರು ನಮ್ಮವರು. ದಬ್ಬೆಗೆ ಬದಲಾಗಿ ಕೊಳವೆ ಬಂದರೂ ಸರಿಯೆ; ಅಬ್ಬಿಯ ಮೇಲಿನ ಕಾಡು ಉಳಿದರೆ ಮಾತ್ರ ನೀರು ಉಳಿಯುವುದು. ವಿದ್ಯುತ್ತಿನ ಕಂಬ ಬಿದ್ದರೆ ವಾರಗಟ್ಟಲೆ ಕತ್ತಲಾಗುವ ಮನೆಗಳವರು, ತಮ್ಮ ತೋಟದ ತೊರೆಯಿಂದಲೇ ಒಂದು ಕಿಲೋವಾಟಿನ ಕಿರು ಜಲಯಂತ್ರವನ್ನು ತಿರುಗಿಸಿ ದೀಪ ಹಚ್ಚಿಕೊಂಡಿರುವುದನ್ನು ಈ ಜಿಲ್ಲೆಯಲ್ಲಿ ಅನೇಕ ಕಡೆ ನೋಡಬಹುದು. ಕಾಫಿಯ ಕಸಿಯಲ್ಲಿ ಕತ್ತರಿಸಿದ ರೆಂಬೆಗಳೇ ವರ್ಷದ ಸೌದೆಗೆ ಒದಗುವುವು. ಅವುಗಳನ್ನು ಮಳೆಗೆ ಮೊದಲು ಮಾಡಿನಡಿಯಲ್ಲಿ ಒಟ್ಟುವ ಶ್ರದ್ಧೆ ಬೇಕು. ಆದರೆ ಎಲ್ಲವೂ ಮನೆಯಲ್ಲಿಯೇ ಆಗಬೇಕೆಂಬ ಹಟವೂ ಸಲ್ಲದು. ಉಪ್ಪು ಯಾವ ಕಾಲಕ್ಕೂ ಕಡಲಿನಿಂದಲೇ ಬರಬೇಕು. ಹಿಂದೆಯೂ ಎತ್ತಿನ ಹೇರುಗಳಲ್ಲಿ ಘಟ್ಟ ಹತ್ತಿ ಬರುತ್ತಿದ್ದಿತು. ಔಷಧವೂ ಹಾಗೆಯೇ. ಅಂಥವುಗಳನ್ನು ಮೃಗಶಿರಾ ಮಳೆಗೆ ಮೊದಲೇ, ಮಳೆಗಾಲಕ್ಕೆ ಬೇಕಾದಷ್ಟನ್ನು ಮಾತ್ರ, ತಂದಿಟ್ಟುಕೊಳ್ಳುವುದು ವಿವೇಕ.

ಕೊನೆಯದಾಗಿ, ಕೆಲವರಿಗೆ ಕಹಿಯೆನಿಸಬಹುದಾದ ಒಂದು ಮಾತನ್ನು ಹೇಳಲೇಬೇಕಾಗಿದೆ. ನಮ್ಮ ತೋಟಗಳ ಲೈನುಮನೆಗಳಲ್ಲಿ ಇರುವವರನ್ನು ನೆನೆಯಿರಿ. ತೋಟದ ಕೂಲಿಗಾರರಿಗೆ ಮನೆ, ನೀರು, ಔಷಧೋಪಚಾರಗಳನ್ನು ಒದಗಿಸಬೇಕೆಂದು ೧೯೫೧ರಲ್ಲಿಯೇ ಒಂದು ಕಾಯಿದೆಯು ವಿಧಿಸಿತು. ಆದರೆ ಒಂದು ಬದನೆಯ ಗಿಡವನ್ನು ತನ್ನದೆಂದು ನೆಡುವುದಕ್ಕೆ ಅವರಲ್ಲಿ ಬಹುಜನರಿಗೆ ಮಣ್ಣಿಲ್ಲ. ನಮ್ಮ ಗದ್ದೆಯ ನಾಟಿ ಮಾಡುವವರು ಅವರು, ನಮ್ಮ ಕಾಫಿಯನ್ನು ಕುಯ್ಯುವವರು ಅವರು. ೨೦೧೯ರಲ್ಲಿಯೂ ೨೦೨೦ರಲ್ಲಿಯೂ ಮೊದಲು ಹಸಿದವರೂ ಅವರೇ. ಅವರ ದುಡಿಮೆಯಿಂದ ನಮ್ಮ ಪತ್ತಾಯವನ್ನು ತುಂಬಿಸಿಕೊಂಡು ನಾವು ಸ್ವಾವಲಂಬಿಗಳೆಂದು ಹೇಳಿಕೊಂಡರೆ ಕೇಳುವವರು ನಕ್ಕಾರು. ಬಸವಾದಿ ಪ್ರಮಥರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ಅನುಭವಮಂಟಪದಲ್ಲಿ ಆಸನವಿದ್ದಿತು. ಆದುದರಿಂದ ಲೈನಿನ ಪ್ರತಿಯೊಂದು ಮನೆಗೂ ಎರಡು ಗುಂಟೆ ನೆಲವನ್ನು ಹಿತ್ತಿಲಿಗೆಂದು ಬಿಟ್ಟುಕೊಡಿರಿ. ಅಲ್ಲಿ ಬೆಳೆದುದರಲ್ಲಿ ಪಾಲನ್ನು ಕೇಳಬೇಡಿರಿ. ಇದನ್ನು ದಾನವೆಂದು ಎಣಿಸಬಾರದು. ತೆಗೆದುಕೊಂಡುದರಲ್ಲಿ ಕಿಂಚಿತ್ತನ್ನು ಹಿಂದಕ್ಕೆ ಸುರಿಯುವುದು, ಲಕ್ಕಮ್ಮನು ಮಾಡಿಸಿದ ಕಾರ್ಯವೇ.

ಸನ್ನಿಧಿಯವರ ಅಪ್ಪಣೆಯನ್ನು ಪಡೆದು ಮೂರು ಅರಿಕೆಗಳನ್ನು ಮುಂದಿಡುತ್ತೇನೆ. ಹಾಳುಬಿದ್ದ ಗದ್ದೆಯುಳ್ಳವರು ಈ ವರ್ಷ ತಮ್ಮ ಮನೆಗೆ ಬೇಕಾಗುವಷ್ಟನ್ನಾದರೂ ಉಳಬೇಕು. ಲೈನುಮನೆಗಳಿಗೆ ಹಿತ್ತಿಲನ್ನು ಬಿಡಬೇಕು. ಮನೆಮನೆಯಲ್ಲಿ ಉಳಿದಿರುವ ಭತ್ತದ, ಕಾಯಿಪಲ್ಯದ ಹಳೆಯ ಬೀಜಗಳಲ್ಲಿ ಒಂದೊಂದು ಹಿಡಿಯನ್ನು ಮುಂದಿನ ಬಸವಜಯಂತಿಯ ದಿನ ಶ್ರೀಮಠಕ್ಕೆ ತರಬೇಕು. ಉಗ್ರಾಣದಲ್ಲಿ ಅದಕ್ಕಾಗಿ ಒಂದು ಕಪಾಟನ್ನು ತೆರವು ಮಾಡಿದ್ದೇನೆ. ಬೀಜವಿಲ್ಲದವರು ಅಲ್ಲಿಂದ ಒಂದು ಹಿಡಿ ಒಯ್ಯಲಿ, ಸುಗ್ಗಿಯಾದ ಮೇಲೆ ಎರಡು ಹಿಡಿಯನ್ನು ತಂದಿಡಲಿ.

ಶರಣಬಂಧುಗಳೇ, ಕಾಲವು ಎಂದೂ ನಿಶ್ಚಿತವಾಗಿರಲಿಲ್ಲ, ಮುಂದೆಯೂ ಆಗದು. ಇನ್ನೊಂದು ಆಶ್ಲೇಷಾ ಮಳೆಯಲ್ಲಿ ದಾರಿ ಕಡಿದು, ಯಾರಾದರೂ ನೆನೆದ ಬಟ್ಟೆಯಲ್ಲಿ ನಿಮ್ಮ ಜಗಲಿಗೆ ಬಂದು ನಿಂತರೆ, ಒಳಗೆ ಹೋಗಿ ಲೆಕ್ಕಹಾಕುವ ಪ್ರಸಂಗವು ನಿಮಗೆ ಬಾರದಿರಲಿ. ಬನ್ನಿರಿ, ಉಣ್ಣಿರಿ ಎನ್ನುವ ಧೈರ್ಯವು ಪ್ರತಿಯೊಂದು ಮನೆಗೂ ಉಂಟಾಗಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ, ನನ್ನ ಅಲ್ಪಮತಿಗೆ ತೋರಿದ ಈ ಮಾತುಗಳಲ್ಲಿ ದೋಷವಿದ್ದರೆ ಸಜ್ಜನರು ಮನ್ನಿಸಬೇಕೆಂದು ಬೇಡಿ ವಿರಮಿಸುತ್ತೇನೆ.